ಈಗ ಕೇಳು, ವ್ಯತ್ಯಾಸ ಗೊತ್ತಾಯಿತೇ?

ನಿನ್ನೆ ರಾತ್ರಿಯೂ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಊಟ ಮಾಡಿದೆವು. ಊಟದ ಮೇಜಿನ ಮೇಲೆ ನಮ್ಮ ಯಜಮಾನರ ಆಂಪ್ಲಿಫೈಯರ್ ಮುಚ್ಚಳ ಕಳಚಿಕೊಂಡು ಮಲಗಿದೆ. ಅದರ ಸುತ್ತ ಸಾಲ್ಡರಿಂಗ್ ಐರನ್, ಮಲ್ಟಿಮೀಟರ್, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ಬಂದ ಪುಟಾಣಿ ಪ್ಲಾಸ್ಟಿಕ್ ಚೀಲಗಳು. ಸಾರಿನ ಪಾತ್ರೆಗೆ ಅಲ್ಲಿ ಪ್ರವೇಶವಿಲ್ಲ.

ಇದೆಲ್ಲ ಶುರುವಾದದ್ದು ನ್ಯಾಯವಾದ ಕಾರಣಕ್ಕೇ ಎಂಬುದನ್ನು ಒಪ್ಪಲೇಬೇಕು. ಪೆಟ್ಟಿಗೆಯು ಹಾಡಿನ ಜೊತೆಗೆ ತಾನೂ ‘ಗುಂಯ್’ ಎಂದು ಶ್ರುತಿ ಹಿಡಿಯತೊಡಗಿತ್ತು. ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತನ್ನು ಡಯೋಡುಗಳು ಏಕಮುಖಗೊಳಿಸಿದ ಮೇಲೆ 100 ಹರ್ಟ್ಸ್‌ನ ಏರಿಳಿತವೊಂದು ಉಳಿಯುತ್ತದೆ. ಅದನ್ನು ಸಮ ಮಾಡಬೇಕಾದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ತುಂಬಿಟ್ಟುಕೊಂಡು ಬೇಕಾದಾಗ ಬಿಡುವ ಬಿಡಿಭಾಗ, ಒಳಗೆ ಒಣಗಿಹೋಗಿತ್ತು. ಅದನ್ನು ಬದಲಿಸಿದರು, ಗುಂಯ್ಗುಡುವುದು ನಿಂತಿತು. ಆ ಗೆಲುವೇ ನಮ್ಮ ಮನೆಗೆ ಮುಳುವಾಯಿತು.

ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳಾದ್ದರಿಂದ, ಬಿಡಿಭಾಗಗಳಿಂದ ಧ್ವನಿ ಬದಲಾಗುವುದೇ ಇಲ್ಲವೆಂದು ನಾನು ವಾದಿಸುವುದಿಲ್ಲ. 1 ಮೈಕ್ರೋಫ್ಯಾರಡ್ ಅಳತೆಯ ಕೆಪಾಸಿಟರ್ ಇರಬೇಕಾದ ಕಡೆ 0.1ರದ್ದನ್ನು ಹಾಕಿದರೆ, ಮುಂದಿನ ಹಂತದ ರೋಧ 10 ಕಿಲೋಓಮ್ ಇದ್ದಲ್ಲಿ, ಸುಮಾರು 16 ಹರ್ಟ್ಸ್‌ನಲ್ಲಿ ಶುರುವಾಗಬೇಕಾದ ತಗ್ಗು ದನಿಗಳ ಇಳಿಕೆ 160ರಲ್ಲೇ ಶುರುವಾಗಿ ಮೃದಂಗದ ಎಡಬದಿಯ ಗುಂಕಾರ ತೆಳ್ಳಗಾಗುತ್ತದೆ. ಕೆಲವು ಬಗೆಯ ಸೆರಾಮಿಕ್ ಕೆಪಾಸಿಟರುಗಳ ಧಾರಕತೆ, ಅಂದರೆ ವಿದ್ಯುತ್ತು ತುಂಬಿಟ್ಟುಕೊಳ್ಳುವ ಶಕ್ತಿ, ವೋಲ್ಟೇಜ್ ಏರಿದಂತೆ ಕುಗ್ಗುವುದರಿಂದ ಅವುಗಳ ಮೂಲಕ ಹಾಯುವ ಧ್ವನಿ ಒಂದಿಷ್ಟು ಕೆಡುವುದೂ ನಿಜ. ಆದರೆ ಸರಿಯಾದ ಅಳತೆಯ, ಒಳ್ಳೆಯ ಫಿಲ್ಮ್ (ಪ್ಲಾಸ್ಟಿಕ್ ಹಾಳೆಯ) ಕೆಪಾಸಿಟರನ್ನು ಕಿತ್ತು, ಅದೇ ಅಳತೆಯ, ಹತ್ತು ಪಟ್ಟು ಬೆಲೆಯ ಇನ್ನೊಂದು ಫಿಲ್ಮ್ ಕೆಪಾಸಿಟರನ್ನು ಕೂರಿಸಿದಾಗ ಬದಲಾಗುವುದು ನಮ್ಮ ತಿಂಗಳ ಲೆಕ್ಕ ಮಾತ್ರ.

ಹೊಸದನ್ನು ಕೂರಿಸಿದ ಕೂಡಲೇ ಪರೀಕ್ಷೆ. ಫ್ಯಾನ್ ನಿಲ್ಲಿಸಬೇಕು, ಕುಕ್ಕರ್ ಕೂಗಬಾರದು, ಪಕ್ಕದ ಮನೆಯವರು ಮಿಕ್ಸಿ ಹಾಕಿದರೆ ಅದಕ್ಕೆ ನಾನೇ ಹೊಣೆ. ಅವರು ಕಣ್ಣು ಮುಚ್ಚಿ, ತೋರುಬೆರಳೆತ್ತಿ, “ಈಗ ಕೇಳು” ಎನ್ನುತ್ತಾರೆ. ಆಲಾಪನೆಯ ಮೊದಲ ಅರ್ಧ ನಿಮಿಷ ನುಡಿಸಿ, ನಿಲ್ಲಿಸಿ, “ವ್ಯತ್ಯಾಸ ಗೊತ್ತಾಯಿತೇ?” ಎಂದು ಕೇಳುತ್ತಾರೆ. ಗೊತ್ತಾಗಲಿಲ್ಲವೆಂದರೆ ಅದೇ ಅರ್ಧ ನಿಮಿಷ ಮತ್ತೊಮ್ಮೆ. ಗೊತ್ತಾಯಿತೆಂದರೆ, ಏನು ಗೊತ್ತಾಯಿತೆಂದು ವಿವರಿಸಬೇಕು. “ತಂಬೂರಿ ಸ್ವಲ್ಪ ಹಿಂದಕ್ಕೆ ಹೋಯಿತು” ಎಂಬ ಉತ್ತರ ಯಾವಾಗಲೂ ಪಾಸಾಗುತ್ತದೆಂದು ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೂ ಈಗ ತಿಳಿದಿದೆ. ಇನ್ನೂ ಸಂದೇಹ ಉಳಿದರೆ ಕೆಪಾಸಿಟರ್ ಪಳಗಲು ನೂರು ಗಂಟೆ ಬೇಕೆನ್ನುತ್ತಾರೆ. ಕೇಳುವವರಿಲ್ಲದ ಕೋಣೆಯಲ್ಲಿ ಪೆಟ್ಟಿಗೆ ಹಗಲಿಡೀ ಹಾಡುತ್ತದೆ. ಅಷ್ಟು ಹೊತ್ತಿನಲ್ಲಿ ಪಳಗುವುದು ಕಿವಿ ಎಂದು ನನ್ನ ಅನುಮಾನ.

ಕಳೆದ ವಾರ ಎಡ, ಬಲ ಎರಡೂ ಚಾನೆಲ್‌ಗಳಿಗೆ ನೀಲಿ ಬಣ್ಣದ ದುಬಾರಿ ಕೆಪಾಸಿಟರುಗಳು ಬಂದವು. ಸಂಜೆ ಎಂದಿನಂತೆ ಬೆರಳೆದ್ದಿತು. “ನೋಡು, ಎಡಗಡೆ ಅರಳಿದೆ. ಬಲಗಡೆಯಂತೂ ತೆರೆ ಸರಿಸಿದ ಹಾಗಿದೆ,” ಎಂದು ಕಣ್ಣಂಚು ಒರೆಸಿಕೊಂಡರು. ಮರುದಿನ ಬೆಳಿಗ್ಗೆ ವಾಷಿಂಗ್ ಮೆಷಿನ್ನಿಗೆ ಹಾಕುವ ಮುನ್ನ ಅವರ ಅಂಗಿಯ ಜೇಬು ತಡಕಿದಾಗ ನೀಲಿ ಕೆಪಾಸಿಟರ್ ಒಂದು, ಚೀಲವನ್ನೂ ಒಡೆಯದ ಸ್ಥಿತಿಯಲ್ಲಿ, ನನ್ನ ಕೈಗೆ ಸಿಕ್ಕಿತು. ಬಲಗಡೆಯ ಹಳೆಯದನ್ನು ಅವರು ಬಿಚ್ಚಿಯೇ ಇರಲಿಲ್ಲ. “ರೀ, ಇದೇನು?” ಎಂದು ಹಿಡಿದು ತೋರಿಸಿದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ಹಾಕದೆಯೇ ಬಲಗಡೆ ಇಷ್ಟು ಚೆನ್ನಾಗಿದ್ದರೆ, ಹಾಕಿದ ಮೇಲೆ ಹೇಗಿರಬೇಡ!” ಎಂದರು.

1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರ್, ‘ಸ್ಟೀರಿಯೋಫೈಲ್’ ಎಂಬ ಧ್ವನಿ ಉಪಕರಣಗಳ ಪತ್ರಿಕೆಯವರು ಆರಿಸಿದ ದುಬಾರಿ ಆಂಪ್ಲಿಫೈಯರಿನ ಧ್ವನಿಯನ್ನು ತನ್ನ ಅಗ್ಗದ ಪೆಟ್ಟಿಗೆಯಿಂದಲೇ ಹೊರಡಿಸುತ್ತೇನೆಂದು ಸವಾಲು ಹಾಕಿ, ಎರಡರ ನಡುವಿನ ವ್ಯತ್ಯಾಸವನ್ನು ಅಳೆಯುತ್ತ, ತಿದ್ದುತ್ತ ಹೋಗಿ, ಕೊನೆಗೆ ಪತ್ರಿಕೆಯವರೇ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲಾಗದಂತೆ ಮಾಡಿದ್ದ. ಇದನ್ನು ನನ್ನ ಪಕ್ಷದ ಸಾಕ್ಷಿಯೆಂದು ಹೇಳಿದೆ: ಅಳತೆ ಒಂದಾದರೆ ಧ್ವನಿಯೂ ಒಂದೇ. ಯಜಮಾನರು ಅದನ್ನು ತಮ್ಮ ಪಕ್ಷಕ್ಕೆ ಎಳೆದುಕೊಂಡರು: ಒಳಗೆ ತಿದ್ದಿದ್ದರಿಂದ ತಾನೇ ಧ್ವನಿ ಬದಲಾದದ್ದು! ಕಾರ್ವರ್ ಅಳೆದು ತಿದ್ದಿದ, ನೀವು ತಿದ್ದಿ ಕಣ್ಣು ಮುಚ್ಚುತ್ತೀರಿ ಎಂಬ ನನ್ನ ಮಾತು ಅವರಿಗೆ ಕೇಳಿಸಲಿಲ್ಲ.

ಮದುವೆಯಾದ ಹೊಸದರಲ್ಲಿ ನಮ್ಮ ಬಳಿ ಇದ್ದದ್ದು ಒಂದು ಟೇಪ್ ರೆಕಾರ್ಡರ್. ಅದರ ಬೆಲ್ಟ್ ಸಡಿಲಾಗಿ, ಎಂಥ ವಿದ್ವಾಂಸರೂ ಅರ್ಧ ಮನೆ ಶ್ರುತಿ ಇಳಿಸಿಯೇ ಹಾಡುತ್ತಿದ್ದರು. ಆದರೂ ವರ್ಣದಿಂದ ತನಿ ಆವರ್ತನದವರೆಗೆ, ಕ್ಯಾಸೆಟ್ಟಿನ ಬದಿ ಮುಗಿದು ಗುಂಡಿ ತಾನಾಗಿ ಟಕ್ಕನೆ ಮೇಲೇಳುವವರೆಗೆ, ಇಬ್ಬರೂ ಮಾತಿಲ್ಲದೆ ಕೇಳುತ್ತಿದ್ದೆವು. ಈಗಿನ ಪೆಟ್ಟಿಗೆಯಲ್ಲಿ ಆಲಾಪನೆ ದಾಟಿ ಪಲ್ಲವಿಯನ್ನು ಕೇಳಿದ ನೆನಪೇ ನನಗಿಲ್ಲ.

ನಿನ್ನೆ ಬಂದ ಪಾರ್ಸೆಲ್ಲಿನಲ್ಲಿದ್ದವು ರೆಸಿಸ್ಟರುಗಳು, ಅಂದರೆ ವಿದ್ಯುತ್ತಿನ ಹರಿವಿಗೆ ತಡೆಯೊಡ್ಡುವ ಬಿಡಿಭಾಗಗಳು. ಅವುಗಳ ಬಣ್ಣದ ಪಟ್ಟಿಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿದರೆ ಧ್ವನಿ ಸರಾಗವಾಗಿ ಹರಿಯುತ್ತದೆಂದು ಎಲ್ಲೋ ಓದಿದ್ದಾರೆ. ರೆಸಿಸ್ಟರಿಗೆ ಹಿಂದು ಮುಂದಿಲ್ಲ, ಅದಲ್ಲದೆ ಹಾಡಿನ ವಿದ್ಯುತ್ತು ಕ್ಷಣಕ್ಷಣಕ್ಕೂ ಅತ್ತಿಂದಿತ್ತ ಹರಿಯುತ್ತದೆ, ನಿಮ್ಮ ಪಟ್ಟಿ ಯಾವ ದಿಕ್ಕಿಗಿದ್ದರೇನು ಎಂದು ಪಾಠ ಮಾಡುವ ದನಿಯಲ್ಲೇ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿದರು. ಆಮೇಲೆ, “ಹಾಗಾದರೆ ಆ ಕಡೆಗೊಂದು ಈ ಕಡೆಗೊಂದು ಹಾಕಬೇಕು,” ಎಂದು ಇನ್ನಷ್ಟಕ್ಕೆ ಆರ್ಡರ್ ಕೊಟ್ಟರು.