ಪಾರ್ಕಿನ ಸೌಕರ್ಯ, ಫಾರೆಸ್ಟಿನ ಏಕಾಂತ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ನೆಲೆಸಿದವರಿಗೆ ಕಾಡಿಗೆ ಹೋಗದೆ ತಪ್ಪಿಸಿಕೊಳ್ಳಲು ಒಳ್ಳೆಯ ನೆಪ ಸಿಗುವುದು ಬಹಳ ಕಷ್ಟ. 1955ರಲ್ಲಿ ಇಲ್ಲಿನ ಅರಣ್ಯ ಮತ್ತು ಜಲ ಇಲಾಖೆಯ ಹೊಣೆ ಹೊತ್ತಿದ್ದ ಮಾರಿಸ್ ಗೊಡಾರ್ಡ್ ಎಂಬವರು ರಾಜ್ಯದ ಪ್ರತಿಯೊಬ್ಬನ ಮನೆಯಿಂದಲೂ 25 ಮೈಲಿಯೊಳಗೆ ಒಂದು ಸ್ಟೇಟ್ ಪಾರ್ಕ್ ಇರಬೇಕೆಂಬ ಗುರಿ ಹಾಕಿಕೊಂಡು ಕೆಲಸ ಮಾಡಿದರು. ಇಂದು 120ಕ್ಕೂ ಹೆಚ್ಚು ಪಾರ್ಕುಗಳಿವೆ, ಪ್ರವೇಶಶುಲ್ಕವೂ ಇಲ್ಲ. ಹೀಗೆ ದೂರ ಮತ್ತು ದುಡ್ಡು ಎಂಬ ಎರಡು ಗಟ್ಟಿ ನೆಪಗಳನ್ನು ಸರ್ಕಾರವೇ ಕಿತ್ತುಕೊಂಡ ಮೇಲೆ ನನ್ನಂಥವನಿಗೆ ಉಳಿದದ್ದು ಮಳೆ ಮತ್ತು ಮೊಣಕಾಲು ನೋವು ಮಾತ್ರ. ಇವೆರಡನ್ನೂ ನಮ್ಮ ಭಾವ ಒಪ್ಪುವುದಿಲ್ಲ.

ಭಾವನಿಗೆ ಪಾರ್ಕೆಂದರೆ ಸಸಾರ. ಅವರ ಮನಸ್ಸೆಲ್ಲ ಸ್ಟೇಟ್ ಫಾರೆಸ್ಟಿನಲ್ಲಿ. ಎರಡೂ ರಾಜ್ಯಕ್ಕೆ ಸೇರಿದ ಕಾಡುಗಳೇ ಆದರೂ ಅವುಗಳ ಸ್ವಭಾವ ಬೇರೆ. ಪಾರ್ಕಿನಲ್ಲಿ ಊಟದ ಮೇಜು, ಕುಡಿಯುವ ನೀರು, ಬಾಣದ ಗುರುತು ಮತ್ತು ಬಾಗಿಲಿರುವ ಶೌಚಾಲಯಗಳು ಇರುತ್ತವೆ. 22 ಲಕ್ಷ ಎಕರೆಯಷ್ಟು ಹರಡಿರುವ ಫಾರೆಸ್ಟಿನಲ್ಲಿ ಇರುವುದು ಬಹುಪಾಲು ಮರಗಳು. ಬೆನ್ನಿಗೆ ಗಂಟು ಹೇರಿಕೊಂಡು ನಡೆದು ಹೋದವನು ಒಂದೇ ಜಾಗದಲ್ಲಿ ಒಂದು ರಾತ್ರಿಗಿಂತ ಹೆಚ್ಚು ತಂಗದಿದ್ದರೆ ಅಲ್ಲಿ ಪರವಾನಗಿಯೂ ಬೇಕಾಗಿಲ್ಲ. ಭಾವ ಇದನ್ನು ಸ್ವಾತಂತ್ರ್ಯ ಎನ್ನುತ್ತಾರೆ, ಅಕ್ಕ ಅನಾಥಸ್ಥಿತಿ ಎನ್ನುತ್ತಾಳೆ. ನನ್ನ ನಿಲುವು ಇಬ್ಬರಿಗೂ ಹಿಡಿಸದು: ನನಗೆ ಫಾರೆಸ್ಟಿನ ಏಕಾಂತ ಬೇಕು, ಅದು ಪಾರ್ಕಿನ ಶೌಚಾಲಯದ ಪಕ್ಕದಲ್ಲೇ ಇರಬೇಕು. ನಮ್ಮ ತಂಡದ ಸಕಲ ಅವಾಂತರಗಳೂ ಹುಟ್ಟಿದ್ದು ಈ ಮೂರು ಅಭಿಪ್ರಾಯಗಳು ಒಂದೇ ಕಾರಿನಲ್ಲಿ ಪ್ರಯಾಣ ಮಾಡಿದ್ದರಿಂದ.

ಇದರ ಜೊತೆಗೆ ನನ್ನ ಮಾವನವರು ಬಂದು ಸೇರಿಕೊಂಡರು. ಲೆಕ್ಕಪರಿಶೋಧನೆಯಲ್ಲಿ ಇಡೀ ಆಯುಷ್ಯ ಸವೆಸಿ ನಿವೃತ್ತರಾದ ಅವರಿಗೆ ಕಾಡಿನಲ್ಲಿ ಅತ್ಯಂತ ಆಕರ್ಷಕವಾಗಿ ಕಂಡದ್ದು ಜಿಂಕೆಯೂ ಅಲ್ಲ, ಜಲಪಾತವೂ ಅಲ್ಲ, ಸೂಚನಾ ಫಲಕಗಳು. ಪ್ರತಿ ಫಲಕದ ಮುಂದೆ ಕೈಕಟ್ಟಿ ನಿಂತು, ಮೊದಲ ಸಾಲಿನಿಂದ ಇಲಾಖೆಯ ಮುದ್ರೆಯವರೆಗೆ ಗಟ್ಟಿಯಾಗಿ ಓದಿ, ಆಮೇಲೆ ನಮ್ಮ ಕಡೆ ತಿರುಗಿ "ಅಳಿಯಂದಿರೇ, ಇದನ್ನು ಗಮನಿಸಿದಿರಾ?" ಎಂದು ಕೇಳುತ್ತಿದ್ದರು. ಗಮನಿಸಿಲ್ಲವೆಂಬುದು ಅವರಿಗೆ ಗೊತ್ತಿರುತ್ತಿತ್ತು.

ಮೊದಲ ಆಕ್ಷೇಪಣೆ ಸೌದೆಯ ಮೇಲೆ ಬಂತು. ಭಾವ ತಮ್ಮ ಹಿತ್ತಲಿನಲ್ಲಿ ಉರುಳಿದ್ದ ಮರವನ್ನು ತಾವೇ ಸೀಳಿ, ಕಾರಿನ ಡಿಕ್ಕಿಯ ತುಂಬ ಒಪ್ಪವಾಗಿ ಜೋಡಿಸಿಕೊಂಡು ಬಂದಿದ್ದರು. ಪಾರ್ಕಿನ ಫಲಕವೋ, ಸೌದೆಯನ್ನು ಊರಿಂದೂರಿಗೆ ಸಾಗಿಸಬೇಡಿ, ಉರಿಸುವ ಕಡೆಯೇ ಕೊಳ್ಳಿ ಎಂದು ಹೇಳುತ್ತಿತ್ತು. ಕಾರಣ ಗಂಭೀರವಾದದ್ದೇ. 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ, ಪಚ್ಚೆಯ ಬಣ್ಣದ ಅರ್ಧ ಅಂಗುಲದ ಒಂದು ಜೀರುಂಡೆ 2007ರ ಹೊತ್ತಿಗೆ ಪೆನ್ಸಿಲ್ವೇನಿಯಾಕ್ಕೂ ಬಂದಿತ್ತು. ಇದರ ಮರಿಹುಳು ಆ್ಯಶ್ ಮರದ ತೊಗಟೆಯಡಿಯಲ್ಲಿ ಸುರಂಗ ಕೊರೆಯುತ್ತ ಮರದ ಆಹಾರದ ದಾರಿಯನ್ನೇ ಕಡಿದುಹಾಕುತ್ತದೆ. ಹೀಗೆ ಸತ್ತ ಮರಗಳು ಕೋಟಿಗಳ ಲೆಕ್ಕದಲ್ಲಿವೆ, ಮತ್ತು ಹುಳುವನ್ನು ದೂರದೂರಕ್ಕೆ ಹೊತ್ತೊಯ್ದ ವಾಹನಗಳಲ್ಲಿ ರಜೆಗೆ ಹೊರಟವರ ಸೌದೆಯೂ ಒಂದು. ಭಾವ ತಲೆಬಾಗಿ, "ಹಾಗಾದರೆ ವಾಪಸು ಒಯ್ಯುತ್ತೇನೆ" ಎಂದರು. "ಅದೂ ಸಾಗಾಟವೇ ಆಗುತ್ತದಲ್ಲ?" ಎಂದರು ಮಾವನವರು.

ಕಚೇರಿಯಲ್ಲಿ ವಿಚಾರಿಸಿದಾಗ ಅಲ್ಲಿದ್ದ ಹೆಣ್ಣುಮಗಳು ತಂದದ್ದನ್ನೆಲ್ಲ ಇಲ್ಲಿಯೇ ಸುಟ್ಟು ಮುಗಿಸಿ ಎಂದು ನಗುತ್ತಲೇ ಅಪ್ಪಣೆ ಕೊಟ್ಟರು. ಅದು ಜುಲೈ ತಿಂಗಳು. ಸುತ್ತಲಿನ ಟೆಂಟುಗಳವರು ಫ್ಯಾನಿಲ್ಲದೆ ಬೇಯುತ್ತಿದ್ದರೆ ನಾವು ಚಳಿಗಾಲವೊಂದಕ್ಕೆ ಸಾಲುವಷ್ಟು ಸೌದೆಯನ್ನು ಉಂಗುರದಂಥ ಕಬ್ಬಿಣದ ಒಲೆಗೆ ಒಂದೊಂದಾಗಿ ಒಡ್ಡುತ್ತ, ಮುಖ ಕೆಂಪಾಗಿಸಿಕೊಂಡು ಮಧ್ಯರಾತ್ರಿ ಕಳೆಯುವವರೆಗೆ ಕುಳಿತೆವು. ದಾರಿಹೋಕರೊಬ್ಬರು ಏನಾದರೂ ವಿಶೇಷ ಪೂಜೆಯೇ ಎಂದು ವಿನಯದಿಂದ ಕೇಳಿದರು. ಮಾವನವರು ಹೌದೆಂದರು.

ಶರತ್ಕಾಲದ ಹೊತ್ತಿಗೆ ಅವರು ಇನ್ನೊಂದು ಹುಳುವಿನ ವಿಷಯ ಓದಿಕೊಂಡಿದ್ದರು. ಚುಕ್ಕೆರೆಕ್ಕೆಯ ಲ್ಯಾಂಟರ್ನ್‌ಫ್ಲೈ ಎಂಬ ಈ ಕೀಟ ಅಮೆರಿಕದಲ್ಲಿ ಮೊದಲು ಕಂಡದ್ದು ಇದೇ ರಾಜ್ಯದ ಬರ್ಕ್ಸ್ ಕೌಂಟಿಯಲ್ಲಿ, 2014ರಲ್ಲಿ. ಅದು ಮರ, ಕಲ್ಲು, ಕಾರು ಎಂಬ ಭೇದವಿಲ್ಲದೆ ಎಲ್ಲಿ ಬೇಕಾದರೂ ಮೊಟ್ಟೆಯಿಡುತ್ತದೆ. ಆ ಮೊಟ್ಟೆಯ ತೇಪೆ ನೋಡಲು ಒಣಗಿದ ಬೂದುಬಣ್ಣದ ಕೆಸರಿನಂತೆಯೇ ಇರುತ್ತದೆ ಎಂಬ ಒಂದು ವಾಕ್ಯ ನಮ್ಮ ನೆಮ್ಮದಿ ಕೆಡಿಸಿತು. ಏಕೆಂದರೆ ಫಾರೆಸ್ಟಿನ ಕಚ್ಚಾರಸ್ತೆಯಲ್ಲಿ ಓಡಾಡಿದ ನಮ್ಮ ಕಾರಿನ ಮೈತುಂಬ ಇದ್ದದ್ದು ಒಣಗಿದ ಬೂದುಬಣ್ಣದ ಕೆಸರೇ. ಮಾವನವರು ಅವಧಿ ಮುಗಿದ ಒಂದು ಗ್ರಂಥಾಲಯದ ಕಾರ್ಡು ಹಿಡಿದು ಚಕ್ರದ ಒಳಬದಿಯಿಂದ ಆರಂಭಿಸಿದರು. ಕೆರೆದು ತೆಗೆದ ಪ್ರತಿ ಚೂರನ್ನೂ ಬೆರಳ ತುದಿಯಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, "ಕೆಸರು" ಎಂದು ತೀರ್ಪು ಕೊಟ್ಟು ಮುಂದಕ್ಕೆ ಸರಿಯುತ್ತಿದ್ದರು. ಎಲ್ಲವೂ ಕೆಸರೇ ಆಗಿತ್ತು. ಬಣ್ಣವೂ ಒಂದೆರಡು ಕಡೆ ಬಂದಿತ್ತು.

ಆದರೆ ಈ ಎಲ್ಲವನ್ನೂ ಮೀರಿಸಿದ್ದು ಚೆರ್ರಿ ಸ್ಪ್ರಿಂಗ್ಸ್ ಪಾರ್ಕಿನ ರಾತ್ರಿ. ಸಸ್ಕ್ವೆಹಾನಾಕ್ ಸ್ಟೇಟ್ ಫಾರೆಸ್ಟಿನ ನಟ್ಟನಡುವೆ ಸುಮಾರು 2,300 ಅಡಿ ಎತ್ತರದಲ್ಲಿರುವ ಈ 82 ಎಕರೆಯ ಪುಟ್ಟ ಪಾರ್ಕಿನ ವೈಭವವೆಂದರೆ ಕತ್ತಲು. ಹತ್ತಿರದಲ್ಲಿ ದೊಡ್ಡ ಊರುಗಳ ಬೆಳಕಿಲ್ಲದ ಕಾರಣ 2008ರಲ್ಲಿ ಇದಕ್ಕೆ ಅಂತಾರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಎಂಬ ಮಾನ್ಯತೆ ದೊರೆಯಿತು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು, ಒಂದು ಮಿಂಚಿನಷ್ಟು ಬಿಳಿ ಬೆಳಕು ಬಿದ್ದರೂ ಆ ತಪಸ್ಸೆಲ್ಲ ವ್ಯರ್ಥ. ಆದ್ದರಿಂದ ದೂರದರ್ಶಕ ಹೂಡುವ ಮೈದಾನದಲ್ಲಿ ಕೆಂಪು ಬೆಳಕಿಗೆ ಮಾತ್ರ ಅವಕಾಶ. ಭಾವ ಈ ಸಲ ಫಲಕ ಬರುವ ಮೊದಲೇ ಸಿದ್ಧರಾಗಿದ್ದರು: ಟಾರ್ಚುಗಳಿಗೆ ಕೆಂಪು ಹಾಳೆ, ಡಿಕ್ಕಿಯ ದೀಪಕ್ಕೆ ಕೆಂಪು ಟೇಪು, ಬಾಗಿಲ ದೀಪಗಳಿಗೂ ಟೇಪು. ಮಾವನವರು ಪರಿಶೀಲಿಸಿ ಆಕ್ಷೇಪಣೆಯಿಲ್ಲ ಎಂದರು, ನಮ್ಮ ಮಟ್ಟಿಗೆ ಅದೊಂದು ಪದವಿಪ್ರದಾನ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಉಳಿದದ್ದು ಕಾರಿನ ಸೌಜನ್ಯ. ಕೀಲಿ ಜೇಬಿನಲ್ಲಿರುವವರು ಹತ್ತಿರ ಬಂದರೆ ತಾನಾಗಿಯೇ ಎಲ್ಲ ದೀಪಗಳನ್ನು ಬೆಳಗಿ ಸ್ವಾಗತಿಸುವ ಸಂಸ್ಕಾರ ಆ ಹೊಸ ಕಾರಿಗಿತ್ತು. ಆಕಾಶಗಂಗೆ ನೆತ್ತಿಯ ಮೇಲೆ ಹಾಸಿಕೊಂಡು, ನೂರಾರು ಜನ ಪಿಸುಮಾತಿನಲ್ಲಿ ತಾರೆಗಳನ್ನು ಗುರುತಿಸುತ್ತಿದ್ದ ಹೊತ್ತಿನಲ್ಲಿ ಭಾವ ಸ್ವೆಟರಿಗೆಂದು ಕಾರಿನತ್ತ ನಡೆದರು. ಮುಂದೀಪಗಳು ಧಗ್ಗೆಂದವು. ಮೈದಾನದ ಉದ್ದಕ್ಕೂ "ಓ" ಎಂಬ ನರಳಿಕೆ ಎದ್ದಿತು. ಗಾಬರಿಗೊಂಡ ಭಾವ ಹಿಂದಕ್ಕೆ ಓಡಿದರು, ಯಜಮಾನರು ದೂರವಾದರೆಂದು ತಿಳಿದ ಕಾರು ತಾನಾಗಿ ಬೀಗ ಹಾಕಿಕೊಂಡು ಇನ್ನೊಮ್ಮೆ ಮಿನುಗಿತು. ದೀಪಕ್ಕೆ ಕಂಬಳಿ ಹೊದಿಸೋಣವೆಂದು ಕಂಬಳಿ ಹಿಡಿದು ಮತ್ತೆ ಮುಂದೆ ಹೋದರು, ಮತ್ತೆ ಸ್ವಾಗತ. ಕತ್ತಲಿನಿಂದ ಬರುತ್ತಿದ್ದ ಉದ್ಗಾರಗಳು ಈಗ ಖಗೋಳಶಾಸ್ತ್ರಕ್ಕೆ ಸಂಬಂಧಿಸಿದವಾಗಿ ಉಳಿದಿರಲಿಲ್ಲ. ಕೊನೆಗೆ ಮಾವನವರು ಕೀಲಿಯನ್ನು ಇಸಿದುಕೊಂಡು ನನ್ನ ಕೈಗಿಟ್ಟು, "ನೀವು ಮೈದಾನದ ಆ ತುದಿಗೆ ಹೋಗಿ ನಿಂತುಬಿಡಿ, ಕರೆಯುವವರೆಗೂ ಬರಬೇಡಿ" ಎಂದು ಆದೇಶಿಸಿದರು. ಬೆಳಗಿನ ಜಾವದವರೆಗೆ ಯಾರೂ ಕರೆಯಲಿಲ್ಲ. ಸ್ವೆಟರು ಕಾರಿನಲ್ಲೇ ಇತ್ತು.

ರಿಕೆಟ್ಸ್ ಗ್ಲೆನ್ ಎಂಬ ಇನ್ನೊಂದು ಪಾರ್ಕಿನ 22 ಜಲಪಾತಗಳ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನ ನಿಲುಗಡೆಯಿಂದ ಹೊರಟವರಿಗೆ ಅಲ್ಲಿ ಮೊದಲು ಇಳಿಜಾರು, ಆಮೇಲೆ ಏರು, ಹಾಗಾಗಿ ಇಳಿಯುವವರೆಲ್ಲ ಪ್ರಕೃತಿಪ್ರೇಮಿಗಳು, ಏರುವವರೆಲ್ಲ ಮೌನವ್ರತಸ್ಥರು. 94 ಅಡಿಯ ಗನೋಗಾ ಜಲಪಾತದ ಸೌಂದರ್ಯವನ್ನು ನಾನು ಎರಡೂ ಕೈಗಳಿಂದ ಬಂಡೆಯನ್ನು ತಬ್ಬಿಕೊಂಡೇ ಸವಿದೆ.

ಫಾರೆಸ್ಟಿಗೆ ಹೋಗುವ ಮಾತು ಮತ್ತೆ ಬಂದಾಗ ಅಕ್ಕ ಶೌಚದ ಪ್ರಶ್ನೆಯನ್ನು ನೇರವಾಗಿಯೇ ಎತ್ತಿದಳು. ನಿಯಮ ಸ್ಪಷ್ಟವಾಗಿತ್ತು: ನೀರಿನಿಂದ 200 ಅಡಿ ದೂರ, ಆರರಿಂದ ಎಂಟು ಅಂಗುಲ ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚುವುದು. 200 ಅಡಿಯೆಂದರೆ ಸುಮಾರು 70 ದೊಡ್ಡ ಹೆಜ್ಜೆ ಎಂದು ಮಾವನವರು ಅಂಗಳದಲ್ಲಿ ನಡೆದೇ ತೋರಿಸಿದರು. ಆದರೆ ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಒಂದು ತೊರೆಯಿಂದ 70 ಹೆಜ್ಜೆ ದೂರ ಸರಿಯುವಷ್ಟರಲ್ಲಿ ಇನ್ನೊಂದು ತೊರೆ ಎದುರಾಗುತ್ತದೆಂಬುದು ಅನುಭವಿಗಳಿಗೆ ಗೊತ್ತು. ಅವಸರದಲ್ಲಿರುವವನಿಗೆ ಅಂಕಗಣಿತ ಕಲಿಸುವ ಸ್ಥಳವಂತೂ ಅದಲ್ಲ.

ಈಗ ಒಂದು ರಾಜಿಸೂತ್ರ ಜಾರಿಯಲ್ಲಿದೆ. ಪಾರ್ಕರ್ ಡ್ಯಾಮ್ ಪಾರ್ಕನ್ನು ಮೊಶಾನನ್ ಸ್ಟೇಟ್ ಫಾರೆಸ್ಟ್ ಸುತ್ತುವರಿದಿದೆ. ನಾವೆಲ್ಲ ಪಾರ್ಕಿನ ಕ್ಯಾಂಪಿನಲ್ಲಿ ದುಡ್ಡು ಕಟ್ಟಿ, ಬಿಸಿನೀರಿನ ಸ್ನಾನದ ಮನೆಗೆ ಹತ್ತಿರದ ಜಾಗ ಹಿಡಿದು ಮಲಗುತ್ತೇವೆ. ಭಾವ ಬೆನ್ನಿಗೆ ಗಂಟು ಕಟ್ಟಿಕೊಂಡು ಫಾರೆಸ್ಟಿನೊಳಗೆ ನಡೆದು, ಸ್ವತಂತ್ರವಾಗಿ ಒಂದು ರಾತ್ರಿ ಕಳೆಯುತ್ತಾರೆ. ಬೆಳಗ್ಗೆ ನಾವು ಕಾಫಿ ಕಾಸುವ ಹೊತ್ತಿಗೆ ಸರಿಯಾಗಿ ಹೆಗಲ ಮೇಲೆ ಟವೆಲು ಹಾಕಿಕೊಂಡು ಮರಗಳ ಮಧ್ಯದಿಂದ ಹೊರಬಂದು, ನಮ್ಮ ಕಡೆ ನೋಡದೆ, ದೊಡ್ಡ ದೊಡ್ಡ ಹೆಜ್ಜೆಯಿಡುತ್ತ ಪಾರ್ಕಿನ ಶೌಚಾಲಯದತ್ತ ನಡೆಯುತ್ತಾರೆ. ಮಾವನವರು ಹೆಜ್ಜೆ ಎಣಿಸುತ್ತಾರೆ.