ಒಂದು ಪದಕ್ಕೆ ಒಂದೇ ವಾಕ್ಯ ಸಾಲದು

ಪದದ ಅರ್ಥ, ಅದರ ಪಕ್ಕ ಒಂದು ಉದಾಹರಣೆ ವಾಕ್ಯ, ಇಷ್ಟಿದ್ದರೆ ಇಂಗ್ಲಿಷ್ ಪದಗಳು ಕೈಗೆ ಬರುತ್ತವೆ ಎಂದು ಇಂಗ್ಲಿಷ್ ಕಲಿಕೆಯ ಬಗ್ಗೆ ನಾನು ಓದಿದ ಒಂದು ಲೇಖನದಲ್ಲಿದೆ. ಉದಾಹರಣೆ ಬೇಕು ಅನ್ನೋದು ಸರಿ, ಒಂದು ಸಾಕು ಅನ್ನೋದನ್ನು ನಾನು ಒಪ್ಪಲ್ಲ. ನಮ್ಮ ‘ಜೋರು’ ಪದವನ್ನೇ ನೋಡಿ. ಜೋರು ಮಳೆಗೆ ‘ಹೆವಿ ರೇನ್’, ಜೋರು ಗಾಳಿಗೆ ‘ಸ್ಟ್ರಾಂಗ್ ವಿಂಡ್’, ಜೋರು ದನಿಗೆ ‘ಲೌಡ್ ವಾಯ್ಸ್’. ಹೆವಿ ಅಂದರೆ ಭಾರ ಅಂತ ಕಲಿತು, ಭಾರದ ಚೀಲದ ವಾಕ್ಯ ಒಂದನ್ನೇ ಓದಿದವರಿಗೆ ಮಳೆಗೂ ಅದೇ ಪದ ಅಂತ ಹೊಳೆಯುವುದಾದರೂ ಹೇಗೆ? ನಾನು ಎಷ್ಟೋ ವರ್ಷ ‘ಡು ಎ ಮಿಸ್ಟೇಕ್’ ಅಂತಲೇ ಬರೆಯುತ್ತಿದ್ದೆ. ಕೆಲಸ ಮಾಡು, ತಪ್ಪು ಮಾಡು, ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ ಅಲ್ವಾ! ‘ಮೇಕ್ ಎ ಮಿಸ್ಟೇಕ್’ ಅಂತ ಜೋಡಿಯಾಗಿ ಬರೆದುಕೊಂಡ ಮೇಲೆಯೇ ಅದು ಸರಿಹೋಯಿತು. ಹಾಗಾಗಿ ಪದವನ್ನು ಅದರ ಜೊತೆಗಾರ ಪದದೊಂದಿಗೇ ಕಲಿಯಿರಿ. ಮೂರು ವಾಕ್ಯವಾದರೂ ಇರಲಿ, ಕೊನೆಯದನ್ನು ನೀವೇ ಕಟ್ಟಿ.

ಇನ್ನು, ದಿನಕ್ಕೆ 20 ಪದ ಕಲಿಯಿರಿ ಅನ್ನೋ ಆ ಲೇಖನದ ಸಲಹೆ ತುಂಬಾ ಜಾಸ್ತಿಯಾಯಿತು. ಹೊಸದಾಗಿ ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಹೆಚ್ಚು ಮರೆತುಹೋಗುತ್ತದೆ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ಬರೆದಿದ್ದಾರೆ. 5 ಪದ ಕಲಿತು, ನಾಳೆ ಅವನ್ನೇ ಮತ್ತೆ ನೋಡಿ.