ರಷ್ಯಾಕ್ಕೆ ಹೋದವರ ಜಾಡು
ರಷ್ಯಾಕ್ಕೆ ವಲಸೆ ಹೋದ ಇಂಗ್ಲಿಷ್ ಪೂರ್ವಜರನ್ನು ಹುಡುಕುವವರಿಗೆ ಅವರ ಜಾಡು ಇಂಗ್ಲೆಂಡಿನ ಜನಗಣತಿಯಲ್ಲೇ ಕಡಿದುಹೋಗುತ್ತದೆ ಎಂಬ ಮಾತನ್ನು ಪೂರ್ತಿ ಒಪ್ಪಲಾಗದು. ರಷ್ಯಾದೊಡನೆ ವ್ಯಾಪಾರಕ್ಕಾಗಿ 1555ರಲ್ಲಿ ಸನ್ನದು ಪಡೆದ ಇಂಗ್ಲೆಂಡಿನ ಮಸ್ಕೊವಿ ಕಂಪನಿಯು, ಮುಂದೆ ರಷ್ಯಾ ಕಂಪನಿ ಎಂದು ಹೆಸರಾಗಿ, ಸೇಂಟ್ ಪೀಟರ್ಸ್‌ಬರ್ಗ್, ಕ್ರೋನ್‌ಸ್ಟಾಟ್ ಮುಂತಾದೆಡೆ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಪಾದ್ರಿಗಳನ್ನು ಪೋಷಿಸಿತ್ತು. ಅವರು ಬರೆದಿಟ್ಟ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆಗಳಲ್ಲಿ ಅನೇಕವು ಲಂಡನ್ನಿನ ಪತ್ರಾಗಾರದಲ್ಲಿ ಉಳಿದಿವೆ. ಲೀಡ್ಸ್ ವಿಶ್ವವಿದ್ಯಾಲಯದ ರಷ್ಯನ್ ಪತ್ರಾಗಾರದಲ್ಲಿ ಇಂಥ ಕುಟುಂಬಗಳ ಪತ್ರಗಳೂ ಛಾಯಾಚಿತ್ರಗಳೂ ಇವೆ.

ನಿಜವಾದ ತೊಡಕು ಹೆಸರಿನದು. ರಷ್ಯನ್ ಲಿಪಿಯಲ್ಲಿ ಇಂಗ್ಲಿಷಿನ ಹಕಾರಕ್ಕೆ ಸರಿಸಮನಾದ ಅಕ್ಷರವಿಲ್ಲದ್ದರಿಂದ ಅದು ಹಿಂದೆ ಸಾಮಾನ್ಯವಾಗಿ ಗಕಾರವಾಗುತ್ತಿತ್ತು. ಸ್ಕಾಟ್ಲೆಂಡಿನ ವಾಸ್ತುಶಿಲ್ಪಿ ವಿಲಿಯಂ ಹೇಸ್ಟಿ ಅಲ್ಲಿನ ಕಡತಗಳಲ್ಲಿ ‘ವಾಸಿಲಿ ಇವಾನೊವಿಚ್ ಗೆಸ್ತೆ’ ಆಗಿ ಕುಳಿತಿದ್ದಾನೆ. ಕೆಲವೊಮ್ಮೆ ಹಕಾರವೇ ಉದುರುತ್ತದೆ (ನಮ್ಮಲ್ಲೂ ಹಾಲು ‘ಆಲು’ ಆಗುವುದುಂಟಲ್ಲ!): ಉಕ್ಕಿನ ಕಾರ್ಖಾನೆ ಕಟ್ಟಿದ ವೇಲ್ಸ್‌ನ ಜಾನ್ ಹ್ಯೂಸ್ ಹೆಸರಿನಿಂದಲೇ ಇಂದಿನ ದೊನೆತ್ಸ್ಕ್ ‘ಯೂಜೊವ್ಕಾ’ ಎನಿಸಿತ್ತು.

ಇನ್ನು ದಿನಾಂಕಗಳು. 19ನೆಯ ಶತಮಾನದ ರಷ್ಯನ್ ಪಂಚಾಂಗ ಇಂಗ್ಲೆಂಡಿನದಕ್ಕಿಂತ 12 ದಿನ ಹಿಂದಿದ್ದುದರಿಂದ, ಒಂದೇ ಮಗುವಿನ ಜನನಕ್ಕೆ ಎರಡು ತಾರೀಖು ಸಿಕ್ಕರೆ ಅವಳಿ ಮಕ್ಕಳೆಂದೋ ಬರಹಗಾರನ ತಪ್ಪೆಂದೋ ತೀರ್ಮಾನಿಸುವ ಮೊದಲು ಈ ವ್ಯತ್ಯಾಸವನ್ನು ಕಳೆದು ನೋಡಬೇಕು.